ಊಟ ಪಾರ್ಸೆಲ್ ಒಯ್ದರೂ ತೆರಿಗೆ ಉಂಟೇ? ನಿಯಮ ಹೇಳುವುದೇನು

ಹೋಟೆಲಿನಲ್ಲಿ ಕುಳಿತು ಉಂಡರೆ ತೆರಿಗೆ, ಕಟ್ಟಿಸಿಕೊಂಡು ಹೋದರೆ ತೆರಿಗೆ ಇಲ್ಲ ಎಂಬ ನಂಬಿಕೆ ಗ್ರಾಹಕರಲ್ಲಿ ಇಂದಿಗೂ ಉಳಿದಿದೆ. ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಕಾನೂನು ಇಂಥ ಭೇದವನ್ನು ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಒಯ್ಯುವ ಆಹಾರ ಬಿಸಿಯಾಗಿದ್ದರೆ ತೆರಿಗೆ ಬೀಳುತ್ತದೆ. ಭಾರತದಲ್ಲಿ ಬಿಸಿ, ತಣ್ಣನೆ ಎಂಬುದು ಮುಖ್ಯವಲ್ಲ. ಆಹಾರವನ್ನು ಕೊಟ್ಟವರು ಯಾರು ಎಂಬುದೇ ಮುಖ್ಯ.

ಹಿನ್ನೆಲೆ

ಹೋಟೆಲಿನಲ್ಲಿ ಊಟ ಬಡಿಸುವುದು ಸೇವೆಯೇ ಹೊರತು ಮಾರಾಟವಲ್ಲ, ಆದ್ದರಿಂದ ಅದಕ್ಕೆ ಮಾರಾಟ ತೆರಿಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ನಾರ್ದರ್ನ್ ಇಂಡಿಯಾ ಕೇಟರರ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಇದರಿಂದ ರಾಜ್ಯಗಳ ಆದಾಯಕ್ಕೆ ಪೆಟ್ಟು ಬಿತ್ತು. 1982ರ ಸಂವಿಧಾನದ 46ನೇ ತಿದ್ದುಪಡಿಯು ಊಟ ಬಡಿಸುವುದನ್ನೂ ಮಾರಾಟವೆಂದು ಪರಿಗಣಿಸಿತು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಹವಾನಿಯಂತ್ರಣ ಇಲ್ಲದ ಹೋಟೆಲುಗಳಿಗೆ ಶೇ 12, ಇರುವ ಹೋಟೆಲುಗಳಿಗೆ ಶೇ 18ರ ದರ ನಿಗದಿಯಾಗಿತ್ತು. ಅದೇ ವರ್ಷ ನವೆಂಬರ್ 15ರಿಂದ ಎರಡಕ್ಕೂ ಶೇ 5 ಎಂದಾಯಿತು. ಆದರೆ ದಿನಸಿ, ಬಾಡಿಗೆ ಇತ್ಯಾದಿಗಳಿಗೆ ಕಟ್ಟಿದ ತೆರಿಗೆಯನ್ನು ಹೋಟೆಲಿನವರು ಕಳೆದುಕೊಳ್ಳುವ ಅವಕಾಶ ರದ್ದಾಯಿತು.

ಈಗಿನ ನಿಯಮ

ಆಹಾರವನ್ನು ಸ್ಥಳದಲ್ಲೇ ಸೇವಿಸಿದರೂ ಹೊರಗೆ ಒಯ್ದರೂ ಅದು 'ರೆಸ್ಟೋರೆಂಟ್ ಸೇವೆ'ಯೇ. ಹೀಗಾಗಿ ದರ್ಶಿನಿ, ಖಾನಾವಳಿ, ಮೆಸ್, ಕ್ಯಾಂಟೀನ್‌ಗಳ ಪಾರ್ಸೆಲ್‌ಗೂ ಶೇ 5 ಅನ್ವಯಿಸುತ್ತದೆ. ಪ್ಯಾಕಿಂಗ್ ಶುಲ್ಕವೂ ತೆರಿಗೆಯ ಮೌಲ್ಯದಲ್ಲಿ ಸೇರುತ್ತದೆ. ಕೊಠಡಿ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟ್‌ಗಳಿಗೆ ಮಾತ್ರ ಶೇ 18.

ಪರೋಟಾದ ಉದಾಹರಣೆ ಗಮನಾರ್ಹ. ಪ್ಯಾಕೆಟ್ ಪರೋಟಾ ರೊಟ್ಟಿಯ ವರ್ಗಕ್ಕೆ ಸೇರದು, ಅದಕ್ಕೆ ಶೇ 18 ತೆರಿಗೆ ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2020ರಲ್ಲಿ ಹೇಳಿತ್ತು. ಹೋಟೆಲಿನ ಬಿಸಿ ಪರೋಟಾಕ್ಕೆ ಆಗ ಶೇ 5 ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಪ್ಯಾಕೆಟ್ ಪರೋಟಾ ತೆರಿಗೆಮುಕ್ತವಾಗಿದೆ. ಹೋಟೆಲಿನದಕ್ಕೆ ಶೇ 5 ಮುಂದುವರಿದಿದೆ.

ತೆರಿಗೆ ಕೇಳುವಂತಿಲ್ಲದವರು

ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಹೋಟೆಲಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. 2025ರ ಜುಲೈನಲ್ಲಿ ಯುಪಿಐ ಪಾವತಿಗಳನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರಿಗೆ ನೋಟಿಸ್ ನೀಡಿದಾಗ ಚರ್ಚೆಗೆ ಬಂದದ್ದು ಇಂಥ ವಹಿವಾಟು ಮಿತಿಯೇ.

1.5 ಕೋಟಿ ರೂಪಾಯಿವರೆಗೆ ವಹಿವಾಟು ಇರುವವರು ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅವರು ಶೇ 5 ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ಗ್ರಾಹಕರಿಂದ ಪ್ರತ್ಯೇಕವಾಗಿ ಪಡೆಯಕೂಡದು. ತಾವು ತೆರಿಗೆ ಸಂಗ್ರಹಿಸಲು ಅರ್ಹರಲ್ಲ ಎಂಬುದನ್ನು ಬಿಲ್ಲಿನ ಮೇಲೆ ನಮೂದಿಸಬೇಕು.

ಆ್ಯಪ್ ಮೂಲಕ ತರಿಸಿದರೆ ಲೆಕ್ಕ ಬೇರೆ. 2022ರ ಜನವರಿ 1ರಿಂದ ಇಂಥ ಊಟದ ತೆರಿಗೆಯನ್ನು ಕಟ್ಟುವ ಹೊಣೆ ಆ್ಯಪ್ ಸಂಸ್ಥೆಯದು. ನೋಂದಣಿಯಿಲ್ಲದ ಸಣ್ಣ ಹೋಟೆಲಿನ ಊಟಕ್ಕೂ ಇದು ಅನ್ವಯ. ಕೌಂಟರಿನಲ್ಲಿ ತೆರಿಗೆಯಿಲ್ಲದೆ ಸಿಗುವ ಅದೇ ಇಡ್ಲಿಗೆ ಆ್ಯಪ್‌ನಲ್ಲಿ ಶೇ 5 ಸೇರುವುದು ಈ ಕಾರಣಕ್ಕೆ.

ಗ್ರಾಹಕರು ಗಮನಿಸಬೇಕಾದ್ದು

ಬಿಲ್ಲಿನಲ್ಲಿ ತೆರಿಗೆ ಸೇರಿದ್ದರೆ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಕರ್ನಾಟಕದಲ್ಲಿ ಅದು 29ರಿಂದ ಆರಂಭವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಈ ಸಂಖ್ಯೆಯನ್ನು ನಮೂದಿಸಿದರೆ ಹೋಟೆಲು ರಾಜಿ ತೆರಿಗೆ ಪದ್ಧತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. 'ಸೇವಾ ಶುಲ್ಕ' ಸರ್ಕಾರದ ತೆರಿಗೆಯಲ್ಲ. ಅದನ್ನು ಕಡ್ಡಾಯವಾಗಿ ವಿಧಿಸುವಂತಿಲ್ಲ ಎಂಬ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ದೂರುಗಳಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.