ಕರ್ಕ್ಯುಮಿನ್ (ತಿಳಿ ಪಾನೀಯಗಳಲ್ಲಿ)

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ವಸ್ತು. ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಬಸವನಗುಡಿಯ ಮನೆಗಳಲ್ಲಿ ನೆಗಡಿಗೆ ಕುಡಿಯುವ ಅರಿಶಿನದ ಹಾಲಿನಲ್ಲಿ ಕೊಬ್ಬಿನ ಆಸರೆಯಿದೆ. ತಿಳಿ ಶರಬತ್ತಿನಲ್ಲಾದರೆ ಪುಡಿ ಲೋಟದ ತಳದಲ್ಲಿ ಗಷ್ಟಾಗಿ ಕೂರುತ್ತದೆ. ಆದ್ದರಿಂದ ಅದನ್ನು ಎಣ್ಣೆಯಲ್ಲಿ ಕರಗಿಸಿ, ಪಾಲಿಸಾರ್ಬೇಟ್‌ನಂಥ ಎಮಲ್ಸಿಫೈಯರ್ ಬೆರೆಸಿ, ಅಧಿಕ ಒತ್ತಡದಲ್ಲಿ 100 ನ್ಯಾನೊಮೀಟರಿಗಿಂತ ಕಿರಿದಾದ ಹನಿಗಳಾಗಿ ಒಡೆಯುತ್ತಾರೆ. ಅಷ್ಟು ಸಣ್ಣ ಹನಿಗಳು ಬೆಳಕನ್ನು ಹೆಚ್ಚು ಚದುರಿಸವು. ಪಾನೀಯ ಹಳದಿಯಾದರೂ ತಿಳಿಯಾಗಿಯೇ ಉಳಿಯುತ್ತದೆ.

ಕರಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ: ಕರುಳು, ಯಕೃತ್ತು ಅದನ್ನು ಬೇಗನೆ ಮಾರ್ಪಡಿಸಿ ಸಾಗಹಾಕುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿ.ಗ್ರಾಂ ಕೊಟ್ಟಾಗ ಜೈವಿಕ ಲಭ್ಯತೆ (ರಕ್ತಕ್ಕೆ ಸೇರುವ ಪ್ರಮಾಣ) 2,000% ಏರಿತು. ಪೊಟ್ಟಣಗಳ ಮೇಲೆ ಮೆರೆಯುವುದು ಈ ಅಂಕಿಯೇ. ಪೈಪರಿನ್ ಕೆಲವು ಔಷಧಗಳ ರಕ್ತಮಟ್ಟವನ್ನೂ ಏರಿಸಬಲ್ಲದು ಎಂಬ ಎಚ್ಚರಿಕೆ ಅಲ್ಲಿ ಅಷ್ಟಾಗಿ ಕಾಣುವುದಿಲ್ಲ.