ತಂಬುಳಿ ಸೋಸುವ ಬಟ್ಟೆ

ನಮ್ಮಜ್ಜಿ ತಂಬುಳಿ ಸೋಸುತ್ತಿದ್ದಳು. ತೀರ್ಥಹಳ್ಳಿ ಕಡೆ ಬೇರೆ ಯಾರ ಮನೆಯಲ್ಲೂ ಅದನ್ನು ನಾನು ಕಂಡಿಲ್ಲ. ಬೆಳಿಗ್ಗೆ ಕಿತ್ತ ಒಂದೆಲಗ, ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ಕಾಯಿತುರಿ ರುಬ್ಬಿ, ಕಡೆದ ಮಜ್ಜಿಗೆಗೆ ಕದಡಿದರೆ ಕೆಲಸ ಮುಗಿಯಿತು. ಒಲೆಯ ಹಂಗು ಒಗ್ಗರಣೆಗಷ್ಟೇ. ಅಜ್ಜಿ ಮಾತ್ರ ಹಳೇ ಪಂಚೆಯ ತುಂಡು ಹಿಡಿದು ಒಂದು ಲೋಟದಷ್ಟನ್ನು ಬೇರೆಯೇ ಸೋಸಿ, ಹಿಂಡಿ, ಒಗ್ಗರಣೆ ಹಾಕದೆ ಮುಚ್ಚಿಡುತ್ತಿದ್ದಳು. ಅದು ಸಣ್ಣಮಾವನ ಪಾಲು.

ಸಣ್ಣಮಾವನಿಗೆ ಏಳು ವರ್ಷದವರೆಗೆ ಮಾತು ಬಂದಿರಲಿಲ್ಲ. ಆಮೇಲೆ ಬಂದದ್ದೂ ಪಂಚಾಂಗದ ತಿಥಿ, ನಕ್ಷತ್ರಗಳ ಮಾತೇ. ನಾಲಿಗೆಗೆ ನಾರು ತಾಗಿದರೆ, ಸಾಸಿವೆ ಸಿಕ್ಕರೆ, ಎಲೆ ಬಿಟ್ಟೆದ್ದು ಕೊಟ್ಟಿಗೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದ. ಊರವರ ಬಾಯಲ್ಲಿ ಅವನು ಮಂಕು. ಅಜ್ಜಿ ಮಾತ್ರ, 'ಅವನಿಗೆ ಹಾಗೇ ಬೇಕು, ಹಾಗೇ ಕೊಡದು' ಎಂದು ಬಟ್ಟೆ ಹಿಂಡಿ ಗಳಕ್ಕೆ ಹಾಕುತ್ತಿದ್ದಳು.

ಭದ್ರಾವತಿ ಬಳಿಯ ಶಂಕರಘಟ್ಟಕ್ಕೆ ನಾನು ಬಂದು ಮೂವತ್ತು ವರ್ಷ ದಾಟಿತು. ಆ ಬಟ್ಟೆ ಮತ್ತೆ ನೆನಪಾದದ್ದು ಮಗಳ ಮಗನಿಂದ. ಅವನದು ಆಟಿಸಂ ಎಂದು ಡಾಕ್ಟರು ಹೇಳಿದಾಗ ಮನೆಯವರೆಲ್ಲ ಸುಮ್ಮನಾದರು. ನನಗೆ ಮಾತ್ರ ಕೊಟ್ಟಿಗೆಯಲ್ಲಿ ಕೂತ ಸಣ್ಣಮಾವ ಕಣ್ಣಿಗೆ ಕಟ್ಟಿದ.

ತಂಬುಳಿ ಹಳೆಯ ಮಾತು. ತಣ್ ಮತ್ತು ಪುಳಿ ಸೇರಿ ಆದ ತಣ್ಣನೆಯ ಹುಳಿ. ಮಲೆನಾಡಿನ ಊಟದಲ್ಲಿ ಅದು ಅನ್ನದ ಮೊದಲ ತುತ್ತಿಗೇ ಬೀಳುತ್ತದೆ, ಸಾರು ಹುಳಿಯೆಲ್ಲ ಆಮೇಲೆ. ಬೇದಿಯಾದರೆ ದಾಳಿಂಬೆ ಸಿಪ್ಪೆಯದು ಅಥವಾ ಸೀಬೆ ಕುಡಿಯದು, ಕೆಮ್ಮಿದ್ದರೆ ದೊಡ್ಡಪತ್ರೆಯದು, ಬಾಯಿಹುಣ್ಣಿಗೆ ಮೆಂತ್ಯದ್ದು. ಮಜ್ಜಿಗೆಯನ್ನು ಅಡುಗೆಗೆ ದುಡಿಸಿಕೊಳ್ಳುವ ಜಾಣ್ಮೆ ಕನ್ನಡದಲ್ಲಿ ಬರಹಕ್ಕೂ ಬೇಗ ಇಳಿದಿದೆ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಬೆರೆಸಿ ಇಡ್ಡಲಿಗೆ ಮಾಡುವ ಕ್ರಮವಿದೆ. ಮೊಸರಿನ ಸೂಕ್ಷ್ಮಜೀವಿಗಳು ಕರುಳಿಗೆ ಒಳ್ಳೆಯವು ಎಂದು ಯುರೋಪಿನಲ್ಲಿ ಸಾರಿದ ಮೆಚ್ನಿಕಾಫ್‌ಗೆ ನೊಬೆಲ್ ಬಂದದ್ದು 1908ರಲ್ಲಿ, ಅದೂ ಬೇರೆ ಸಂಶೋಧನೆಗೆ.

ಒಂದೆಲಗಕ್ಕೆ ಬುದ್ಧಿಯ ಪಟ್ಟ ಬಂದದ್ದು ಬೇರೆ ದಾರಿಯಿಂದ. ಚರಕಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಮೊದಲನೆಯದು ಮಂಡೂಕಪರ್ಣಿಯ ರಸ. ಮಂಡೂಕಪರ್ಣಿ ಎಂದರೆ ನಮ್ಮ ತೋಟದ ಬಸಿಗಾಲುವೆ ಪಕ್ಕ ಹಬ್ಬುವ ಒಂದೆಲಗವೇ. ಜನ ಅದನ್ನೇ ಬ್ರಾಹ್ಮಿ ಎಂದೂ ಕರೆದು, ನೀರುಬ್ರಾಹ್ಮಿ ಎಂಬ ಬೇರೆಯದೇ ಗಿಡದ ಜೊತೆ ಕಲಸಿಬಿಟ್ಟಿದ್ದಾರೆ. ಮಾರ್ಚ್ ತಿಂಗಳು ಬಂತೆಂದರೆ ಪರೀಕ್ಷೆ ಮಕ್ಕಳಿಗೆ ಒಂದೆಲಗ ತಿನ್ನಿಸದ ತಾಯಿಯೇ ಇರಲಿಲ್ಲ. ನಾನೂ ತಿಂದೆ. ಲೆಕ್ಕದಲ್ಲಿ ಪಾಸಾದೆ, ಅಷ್ಟೇ.

ಸಣ್ಣಮಾವನಿಗೂ ಮೊದಮೊದಲು ಮಾತು ಬರಲೆಂದೇ ಕೊಟ್ಟದ್ದು. ಸಾಣೆಕಲ್ಲಿನಲ್ಲಿ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದ್ದೂ ಅದಕ್ಕೇ. ಅವನ ಮಾತು ತನಗೆ ಬೇಕಾದಾಗ ಬಂತು. ಅಜ್ಜಿ ಬಜೆ ಬಿಟ್ಟಳು, ತಂಬುಳಿ ಬಿಡಲಿಲ್ಲ. ಕಾರಣ ಕೇಳಿದರೆ, ಅದು ಹೊಟ್ಟೆಗಿಳಿದ ದಿನ ಅವನಿಗೆ ಕಟ್ಟಿಕೊಳ್ಳುವುದಿಲ್ಲ, ರಾತ್ರಿ ನಿದ್ದೆ ಬರುತ್ತದೆ ಎನ್ನುತ್ತಿದ್ದಳು. ಅವಳ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ಬಜೆ ಬಿಟ್ಟದ್ದೂ ಒಳ್ಳೆಯದೇ ಆಯಿತು. ಅದರಲ್ಲಿರುವ ಬೀಟಾ-ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆ ಬಳಸುವುದನ್ನು ನಿಷೇಧಿಸಿತು.

ನಮ್ಮ ಸೀಮೆಯಲ್ಲಿ ತಂಬುಳಿ ಬಡವಾದ ಬಗೆಯನ್ನು ನಾನೇ ಕಂಡಿದ್ದೇನೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಆಮೇಲೆ ಕಾಗದದ ಕಾರ್ಖಾನೆ, ಭದ್ರಾ ಅಣೆಕಟ್ಟು, ಬಿ.ಆರ್. ಪ್ರಾಜೆಕ್ಟಿನ ಕಾಲೊನಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ. ಅಪ್ಪನದು ಭದ್ರಾವತಿಯಲ್ಲಿ ಶಿಫ್ಟ್ ಕೆಲಸ. ತಂಬುಳಿ ಡಬ್ಬಿಗೆ ಹಾಕುವ ಪದಾರ್ಥವಲ್ಲ, ಮಧ್ಯಾಹ್ನದ ಹೊತ್ತಿಗೆ ಹುಳಿ ಏರಿ ಮೂಗು ಮುಚ್ಚುವ ಹಾಗಾಗುತ್ತದೆ. ಹೀಗಾಗಿ ಅಮ್ಮ ಚಿತ್ರಾನ್ನಕ್ಕೆ ಹೊರಳಿದಳು, ತಂಬುಳಿ ಭಾನುವಾರದ್ದಾಯಿತು. ಪ್ಯಾಕೆಟ್ ಹಾಲು ಬಂದ ಮೇಲೆ ಕಡೆಗೋಲು ಅಟ್ಟ ಸೇರಿತು.

ಮೊಮ್ಮಗ ನಾಲ್ಕು ವರ್ಷದವನಿದ್ದಾಗ ಉಣ್ಣುತ್ತಿದ್ದದ್ದು ಮೂರೇ: ಅನ್ನ, ಮೊಸರು, ಚಪಾತಿ. ತೋರಿಸಲು ಹೋದ ಒಂದು ಕಡೆ, ಗೋಧಿಯೂ ಹಾಲು ಮೊಸರೂ ಪೂರಾ ಬಂದ್ ಎಂದು ಚೀಟಿ ಬರೆದುಕೊಟ್ಟರು. ಮೂರರಲ್ಲಿ ಎರಡು ಹೋಯಿತು. ಎರಡೇ ತಿಂಗಳಲ್ಲಿ ಹುಡುಗನ ಪಕ್ಕೆಲುಬು ಎಣಿಸುವ ಹಾಗಾಯಿತು. ಬೇರೆ ಮಕ್ಕಳ ಡಾಕ್ಟರು ಆ ಚೀಟಿ ನೋಡಿ, ಮೊದಲು ಮೊಸರು ಕೊಡಿ ಎಂದರು. ಆಟಿಸಂನ ಮೂಲ ಲಕ್ಷಣಗಳಿಗೆಂದು ಇಂಥ ಪಥ್ಯ ಮಾಡಿಸಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಹೇಳಿತ್ತು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಊಟದ ತಕರಾರು ಈ ಮಕ್ಕಳಲ್ಲಿ ಹೊಸದೂ ಅಲ್ಲ. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇಂಥ ಹನ್ನೊಂದು ಮಕ್ಕಳ ಕುರಿತು ಬರೆದಾಗಲೇ, ಹಲವರಿಗೆ ಎಳವೆಯಲ್ಲೇ ಊಟದ ತೊಂದರೆ ಇತ್ತೆಂದು ಗುರುತಿಸಿದ್ದ.

ನಾನು ಪಂಚೆಯ ತುಂಡು ಹುಡುಕಿದೆ. ಮೊದಲು ಬರೀ ಮಜ್ಜಿಗೆ. ಹದಿನೈದು ದಿನದ ಮೇಲೆ ಅದರಲ್ಲಿ ಸೋಸಿದ ಜೀರಿಗೆ ನೀರು ಒಂದು ಚಮಚ. ಒಂದೆಲಗ ಸೇರಿಸಿದಾಗ ಹಸಿರು ಬಣ್ಣ ಕಂಡು ಲೋಟ ನೂಕಿದ. ಒಂದೇ ಎಲೆಗೆ ಇಳಿದೆ, ಕಾಯಿತುರಿ ಹೆಚ್ಚು ಮಾಡಿದೆ, ಬಣ್ಣ ಮರೆಯಾಯಿತು. ಅದೇ ಸ್ಟೀಲ್ ಲೋಟ, ಅದೇ ಮೂಲೆ, ಒತ್ತಾಯವಿಲ್ಲ. ಆರು ತಿಂಗಳು ಹಿಡಿಯಿತು. ಈಗ ಕುಡಿಯುತ್ತಾನೆ. ಮಾತಿನ ತರಬೇತಿ ಅದರ ಪಾಡಿಗೆ ನಡೆದಿದೆ. ಅದರ ಕೆಲಸವನ್ನು ತಂಬುಳಿಯಿಂದ ನಾನು ನಿರೀಕ್ಷಿಸುವುದಿಲ್ಲ.

ನೀವೂ ಮಾಡುವುದಾದರೆ ಒಂದು ಮಾತು. ಒಂದೆಲಗವನ್ನು ಚರಂಡಿ ಪಕ್ಕದಿಂದ ಕೀಳಬೇಡಿ. ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದ್ದೂ ಬೇಡ, ಎಲೆಯ ಮೇಲೆ ಮೈಲುತುತ್ತ ಕೂತಿರುತ್ತದೆ. ನಾನು ಹಿತ್ತಲ ಕುಂಡದಲ್ಲಿ ಬೆಳೆದುಕೊಂಡಿದ್ದೇನೆ. ದಿನಾ ನೀರು ಹನಿಸಿದರೆ ಸಾಕು, ಹಬ್ಬುತ್ತದೆ.