ಮರಣಶಾಸನ: ಕಲ್ಲಿನಿಂದ ಕಾಗದಕ್ಕೆ

ಬೆಂಗಳೂರಿನ ಇಂದಿರಾನಗರದ ಮಗ್ಗುಲಲ್ಲೇ ಇರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ 13ನೆಯ ಶತಮಾನದ ತಮಿಳು ಶಾಸನಗಳಿವೆ. ದೇವರಿಗೆ ಬಿಟ್ಟ ದತ್ತಿಯ ಲೆಕ್ಕ ಅವು. ಶಾಸನದ ಬೇರು ಸಂಸ್ಕೃತದ ‘ಶಾಸ್’: ಆಳು, ಅಪ್ಪಣೆ ಕೊಡು, ಕಲಿಸು. ಶಾಸ್ತ್ರ, ಶಿಷ್ಯ, ವಿಧಾನಸೌಧದ ಶಾಸಕ, ಎಲ್ಲರೂ ಈ ಬಳಗದವರೇ. ಕನ್ನಡದಲ್ಲಿ ಅಪ್ಪಣೆಯ ಹೆಸರು ಅದನ್ನು ಕೆತ್ತಿದ ಕಲ್ಲಿಗೇ ಅಂಟಿತು. ನಮ್ಮ ದಾನಶಾಸನಗಳಲ್ಲಿ ‘ಆಚಂದ್ರಾರ್ಕ’ (ಸೂರ್ಯಚಂದ್ರರಿರುವವರೆಗೆ) ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಕೊಟ್ಟದ್ದನ್ನು ಕೊಟ್ಟವನೂ ಹಿಂದಕ್ಕೆ ಪಡೆಯುವಂತಿಲ್ಲ.

ಇಷ್ಟು ಭಾರದ ಪದಕ್ಕೆ ‘ಮರಣ’ವನ್ನೂ ಸೇರಿಸಿ ಪತ್ರಬರಹಗಾರರು ಉಯಿಲನ್ನು ಮರಣಶಾಸನ ಎಂದರು. ಪತ್ರಿಕೆಗಳು ಅದಕ್ಕೆ ಇನ್ನೊಂದು ಅರ್ಥ ಕೊಟ್ಟಿವೆ: ‘ರೈತರ ಪಾಲಿಗೆ ಮರಣಶಾಸನ’ ಎಂದರೆ ಅವರನ್ನು ಮುಳುಗಿಸುವ ತೀರ್ಪು. ಮನೆಯ ಹಿರಿಯರ ಮುಂದೆ ಈ ಪದ ಎತ್ತಿದರೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುವುದು ಸಹಜ.

ನಮ್ಮ ಧರ್ಮಶಾಸ್ತ್ರಗಳಲ್ಲಿ ಉಯಿಲು ಬರೆಯುವ ಪದ್ಧತಿ ಇರಲಿಲ್ಲ. ಬ್ರಿಟಿಷರ ನ್ಯಾಯಾಲಯಗಳ ಜತೆ ಅದು ಬೆಳೆಯಿತು, 1870ರಲ್ಲಿ ಹಿಂದೂ ಉಯಿಲುಗಳಿಗೆ ಪ್ರತ್ಯೇಕ ಕಾಯ್ದೆಯೇ ಬಂತು. ಜತೆಗೆ ಬಂದ ‘ವಿಲ್’ ತಮಿಳಿನಲ್ಲೂ ಕನ್ನಡದಲ್ಲೂ ‘ಉಯಿಲು’ ಆಗಿ, ಕೊಯಿಲಿನ ಪಕ್ಕದಲ್ಲಿಟ್ಟರೆ ಮನೆಮಗಳಂತೆಯೇ ಕೇಳಿಸುತ್ತದೆ. ಎರಡು ಭಾಷೆಯೂ ಬೆರೆತ ದಂಡು ಪ್ರದೇಶಕ್ಕೆ, ಹಲಸೂರಿಗೆ, ಒಪ್ಪುವ ಪದ. ಶಿವಾಜಿನಗರದ ಉರ್ದು ಮನೆಗಳಲ್ಲಿ ಅದು ವಸಿಯತ್. ಅಲ್ಲಿ ನಿಯಮವೇ ಬೇರೆ: ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೆಯ ಒಂದು ಪಾಲನ್ನಷ್ಟೇ ವಾರಸುದಾರರಲ್ಲದವರಿಗೆ ಬರೆಯಬಹುದು, ಅದಕ್ಕಿಂತ ಹೆಚ್ಚಿಗೆ ವಾರಸುದಾರರು ಒಪ್ಪಬೇಕು.

ಮರಣಶಾಸನ ಕಲ್ಲಿನ ಶಾಸನಕ್ಕೆ ಪೂರಾ ತದ್ವಿರುದ್ಧ ಎಂಬುದನ್ನು ಪ್ರತಿ ಮನೆಯಲ್ಲೂ ಹೇಳಬೇಕು. ಬರೆದವರು ಬದುಕಿರುವವರೆಗೆ ಅದರಿಂದ ಯಾರಿಗೂ ಯಾವ ಹಕ್ಕೂ ಹುಟ್ಟುವುದಿಲ್ಲ. ಬುದ್ಧಿ ನೆಟ್ಟಗಿರುವವರೆಗೆ ಎಷ್ಟು ಸಲ ಬೇಕಾದರೂ ತಿದ್ದಬಹುದು, ಹರಿದು ಹಾಕಬಹುದು. ಹಿಂದೂ, ಕ್ರೈಸ್ತ ಕುಟುಂಬಗಳಿಗೆ 1925ರ ಉತ್ತರಾಧಿಕಾರ ಕಾಯ್ದೆ ಕೇಳುವುದು ಬರವಣಿಗೆ, ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಮಾಡಿಸುವುದು ಲೇಸು. ನಾಳೆ ಸಹಿಯ ಬಗ್ಗೆ ತಕರಾರು ಬಂದರೆ ಅದು ನೆರವಿಗೆ ಬರುತ್ತದೆ.

ಕೆ.ಆರ್.ಪುರದ ಕಡೆ ಹೊಲಗಳು ಸೈಟುಗಳಾದ ಕುಟುಂಬಗಳು ಇನ್ನೂ ಒಂದು ಮಾತು ತಿಳಿದಿರಬೇಕು. ಸ್ವಯಾರ್ಜಿತವನ್ನು ಇಷ್ಟ ಬಂದವರಿಗೆ ಬರೆಯಬಹುದು. ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನು ಮಾತ್ರ. ಆ ಪಾಲಿನ ಲೆಕ್ಕದಲ್ಲಿ ಹೆಣ್ಣುಮಕ್ಕಳೂ ಇದ್ದಾರೆ: ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, 2005ರಲ್ಲಿ ಇಡೀ ದೇಶಕ್ಕೆ ಬಂತು. ವಿಮೆಯಲ್ಲಿ ನಾಮಿನಿ ಎಂದು ಹೆಸರು ಬರೆಸಿದ ಮಾತ್ರಕ್ಕೆ ಅವರೇ ಒಡೆಯರಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿತ್ತು, ಆದರೆ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಅನ್ವಯಿಸುವ ನಿಯಮವನ್ನು 2015ರ ತಿದ್ದುಪಡಿ ಬದಲಿಸಿತು.

ಹಳೆಯ ದಾನಶಾಸನದ ನಿಜವಾದ ವಾರಸುದಾರ ಇವತ್ತಿನ ದಾನಪತ್ರ. ‘ಉಯಿಲು ಯಾಕಪ್ಪಾ, ಈಗಲೇ ಗಿಫ್ಟ್ ಮಾಡಿಬಿಡಿ’ ಎಂದು ಮಕ್ಕಳು ಕರೆದೊಯ್ದಾಗ, ಹೆಸರು ಮೃದುವಾಗಿದೆಯೆಂದು ತಂದೆತಾಯಿ ಸಹಿ ಹಾಕುತ್ತಾರೆ. ನೋಂದಣಿಯಾದ ಆ ಪತ್ರದಿಂದ ಮನೆ ಕೈಬಿಡುತ್ತದೆ. ಹಾಗೆ ಕೊಡಲೇಬೇಕೆಂದಿದ್ದರೆ ‘ನಮ್ಮನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆ ಸಾಲು ಇದ್ದು ಮಕ್ಕಳು ನಡೆಸಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಪತ್ರದ ರದ್ದತಿ ಕೇಳಬಹುದು.